ರವದಿಯ ಹೊದಿಕೆ

ರಾಣೇಬೆನ್ನೂರು
12 ಜನವರಿ 2025

ಸುಶೀಲವ್ವನವರಿಗೆ,

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವುದು, ಹರಿದು ಹಾಕುವುದು ನಿಮ್ಮ ಇಷ್ಟ. ನನ್ನ ಹೆಸರು ನಿರ್ಮಲಾ, ತವರು ಹಾವೇರಿ. ಹೋದ ನವೆಂಬರಿನಲ್ಲಿ ನಿಮ್ಮ ಅಳಿಯ ಸಿದ್ದಲಿಂಗೇಶ ಅವರನ್ನು ಮದುವೆಯಾಗಿ ಬಂದವಳು. ನಿಮ್ಮ ಮಗಳು ಶೈಲಶ್ರೀ ತೀರಿಹೋಗಿ ಮೂರು ವರ್ಷವಾಗುತ್ತ ಬಂದರೂ ಈ ಮಾತನ್ನು ನಿಮಗೆ ಬರೆಯಲು ಕೈ ಹಿಂಜರಿಯುತ್ತಿದೆ. ಜ್ವರ ಬಂದು ಎರಡೇ ದಿನದಲ್ಲಿ ಹೋದರು ಎಂದು ಇವರು ಹೇಳಿದ್ದಾರೆ. ಅದಕ್ಕಿಂತ ಹೆಚ್ಚು ಇವರು ಮಾತಾಡುವುದಿಲ್ಲ, ನಾನೂ ಕೇಳಿಲ್ಲ.

ಹಳೆಯ ಮನೆ ಬಿಟ್ಟು ಇವರು ಎರಡು ವರ್ಷದ ಹಿಂದೆ ಊರಾಚೆಯ ಹೊಸ ಬಡಾವಣೆಗೆ ಬಂದಿದ್ದಾರೆ. ಹಿತ್ತಲು ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ ಇದೆ. ಒಂದು ಹುಲ್ಲುಕಡ್ಡಿ ಇಲ್ಲ. ಬೆಳಿಗ್ಗೆ ಏಳಕ್ಕೆ ಬಿದ್ದ ಬಿಸಿಲು ಸಂಜೆ ಆರರವರೆಗೆ ಅಲ್ಲೇ ಕೂತಿರುತ್ತದೆ. ಮೊನ್ನೆ ನಿಮ್ಮ ಮೊಮ್ಮಗಳು ಹೊಳಿಯವ್ವ ಪಲ್ಯ ಹೆಚ್ಚುವಾಗ ಬಂದು, "ಚಿಗವ್ವಾ, ಬೆಂಡಿಕಾಯಿ ಅಂಗಡ್ಯಾಗ ಹುಟ್ತಾವೇನು?" ಅಂದಳು. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಐದು ವರ್ಷದ ಹುಡುಗಿಗೆ ತೋರಿಸಲು ನಮ್ಮ ಮನೆಯಲ್ಲಿ ಒಂದು ಗಿಡವೂ ಇಲ್ಲ.

ಕೈತೋಟ ಮಾಡಬೇಕೆಂದಿದ್ದೇನೆ. ನನಗೆ ಏನೂ ಗೊತ್ತಿಲ್ಲ. ಟ್ರಂಕಿನಲ್ಲಿ ಶೈಲಕ್ಕನ ನೋಟುಬುಕ್ಕು ಸಿಕ್ಕಿತು. ಯಾವ ಬೀಜ ಯಾವಾಗ ಹಾಕಬೇಕೆಂದು ಬರೆದು, ಪಕ್ಕದಲ್ಲಿ "ಅವ್ವ ಹೇಳಿದ್ದು" ಎಂದು ಪುಟಪುಟಕ್ಕೂ ಬರೆದಿದ್ದಾರೆ. ಕೊನೆಯ ಪುಟದಲ್ಲಿ ನಿಮ್ಮ ಬ್ಯಾಡಗಿಯ ವಿಳಾಸ ಇತ್ತು. ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನಿನಲ್ಲಿ ಮಾತಾಡಲು ಆಗುವುದಿಲ್ಲ ಎಂದೂ ಅದರಿಂದಲೇ ತಿಳಿಯಿತು. ಅದಕ್ಕೇ ಪತ್ರ. ಇವರನ್ನು ಕೇಳಿದ್ದೆ, "ಬ್ಯಾಡಗಿ ಸುದ್ದಿ ತೆಗೀಬ್ಯಾಡ" ಅಂದರು. ಯಾಕೆಂದು ಹೇಳಲಿಲ್ಲ. ಹಾಗಾಗಿ ಇದು ಇವರಿಗೆ ಗೊತ್ತಿಲ್ಲದ ಪತ್ರ. ಅಂಚೆಯಣ್ಣ ಹನ್ನೊಂದಕ್ಕೆ ಬರುತ್ತಾನೆ, ಆ ಹೊತ್ತಿಗೆ ಇವರು ಮೋಟರು ವೈಂಡಿಂಗ್ ಅಂಗಡಿಯಲ್ಲಿರುತ್ತಾರೆ.

ತಪ್ಪಾಗಿದ್ದರೆ ಮನ್ನಿಸಿ.

ನಿರ್ಮಲಾ

*

ಬ್ಯಾಡಗಿ
19 ಜನವರಿ 2025

ನಿರ್ಮಲಾ ಅವರಿಗೆ,

ಪತ್ರ ಮುಟ್ಟಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಹೊಸ ಬಡಾವಣೆ ಎಂದರೆ ಮೇಲೆ ಕಲ್ಲುಮಣ್ಣಿನ ಗರಸು ಸುರಿದಿರುತ್ತಾರೆ. ಅದನ್ನು ಒಂದು ಮೊಳ ಆಳ ಅಗೆಸಿ ತೆಗೆಯಿರಿ. ಕೆಂಪು ಮಣ್ಣು ಎರಡು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು. ಹಸಿ ಸೆಗಣಿ ಬೇಡ, ಬೇರು ಸುಡುತ್ತದೆ. ಈಗ ಹಾಕಬೇಕಾದದ್ದು ಬಿಸಿಲು ತಡೆಯುವ ಗಿಡಗಳನ್ನು: ಬೆಂಡೆ, ಚೌಳಿ, ಹೀರೆ, ಪುಂಡಿಪಲ್ಲೆ, ರಾಜಗಿರಿ. ಬೆಂಡೆ ಬೀಜವನ್ನು ಹಿಂದಿನ ದಿನ ನೀರಿನಲ್ಲಿ ನೆನೆಹಾಕಿ. ಮೆಣಸಿನ ಸಸಿ ಈಗ ಬೇಡ. ಬ್ಯಾಡಗಿಯವಳು ಹೇಳುತ್ತಿದ್ದೇನೆ, ಅದಕ್ಕೆ ಮಳೆಗಾಲ ಕಾಯಬೇಕು. ಪಡುವಣ ಬದಿಗೆ ಸಾಲಾಗಿ ಔಡಲ ಹಾಕಿದರೆ ಮೂರು ಗಂಟೆಯ ಮೇಲಿನ ಬಿಸಿಲಿಗೆ ನೆರಳಾಗುತ್ತದೆ. ನೀರು ಬೆಳಿಗ್ಗೆ ಮಾತ್ರ, ಬುಡಕ್ಕೆ ಮಾತ್ರ.

ನಾನು ಇಪ್ಪತ್ತೆರಡು ವರ್ಷ ಬೀಜದ ಹೊಲಗಳಲ್ಲಿ ಕೆಲಸ ಮಾಡಿದವಳು. ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಿಸುವ ಕೆಲಸ. ಈಗ ಮನೆಯ ಹಿಂದೆ ಸಸಿ ಎಬ್ಬಿಸಿ ಮಾರುತ್ತೇನೆ. ಹಾಗಾಗಿ ಈ ವಿಷಯ ಕೇಳಿದರೆ ಹೇಳಬಲ್ಲೆ. ಬೇರೆ ವಿಷಯ ಬರೆಯಬೇಕಾಗಿಲ್ಲ.

ಹುಡುಗಿ ಎಷ್ಟು ಎತ್ತರ ಆಗಿದ್ದಾಳೆ?

ಸುಶೀಲವ್ವ

*

ರಾಣೇಬೆನ್ನೂರು
9 ಫೆಬ್ರವರಿ 2025

ಸುಶೀಲವ್ವನವರಿಗೆ,

ಇದರೊಳಗೆ ಒಂದು ದಾರ ಇಟ್ಟಿದ್ದೇನೆ. ಹೊಳಿಯವ್ವನನ್ನು ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದು ಕತ್ತರಿಸಿದ್ದು. "ಯಾಕ ಚಿಗವ್ವಾ?" ಅಂದಳು. "ಅಂಗಿ ಹೊಲಿಸಾಕ" ಎಂದೆ.

ಗರಸು ತೆಗೆಸಿದೆ. ಮಣ್ಣು ತರಿಸಿದೆ. ನಾಲ್ಕು ಸಾಲು ಮಾಡಿ ಬೆಂಡೆ, ಚೌಳಿ, ಪುಂಡಿಪಲ್ಲೆ ಹಾಕಿದೆ, ಬೇಲಿಗೆ ಹೀರೆ. ಆರನೆಯ ದಿನ ಬೆಂಡೆ ಮೊಳಕೆ ತಲೆ ಎತ್ತಿದಾಗ ಹುಡುಗಿ ಪ್ರತಿಯೊಂದನ್ನೂ ಬೆರಳಿಂದ ಮುಟ್ಟಿ ಎಣಿಸಿ, "ನಲವತ್ತೊಂದು ಹುಟ್ಟ್ಯಾವ!" ಎಂದು ಬೀದಿಗೆಲ್ಲ ಸಾರಿ ಬಂದಳು.

ಇವರು ಬೇಡವೆನ್ನುತ್ತಾರೆಂದು ಹೆದರಿದ್ದೆ. ಕೊನೆಗೆ, "ಮಾಡ್ಕೊ, ಆದ್ರ ನೆಲ ಸ್ವಚ್ಛ ಇರಬೇಕು" ಅಂದರು. ಈಗ ದಿನಾ ಸಂಜೆ ಕೋಲು ಹಿಡಿದು ಹಿತ್ತಲು ಸುತ್ತುತ್ತಾರೆ, ಮೂಲೆಮೂಲೆ ತಡವುತ್ತಾರೆ. ಕೇಳಿದರೆ ಹೆಗ್ಗಣ ನೋಡುತ್ತೇನೆ ಅನ್ನುತ್ತಾರೆ. ಇಷ್ಟು ಅಚ್ಚುಕಟ್ಟಿನ ಮನುಷ್ಯನೆಂದು ನನಗೆ ಗೊತ್ತಿರಲಿಲ್ಲ.

ಬೇರೆ ವಿಷಯ ಬೇಡ ಎಂದಿದ್ದಿರಿ. ಆದರೂ ಒಂದು ಬರೆಯುತ್ತೇನೆ. ಹೊಳಿಯವ್ವ ನಿದ್ದೆ ಬಂದಾಗ ಕಿವಿಯ ತುದಿ ಹಿಡಿದು ಮಲಗುತ್ತಾಳೆ, ತನ್ನದಲ್ಲ, ಪಕ್ಕದವರದು. ಇದು ಯಾರಿಂದ ಬಂತೋ ಎಂದು ಯೋಚಿಸುತ್ತಿರುತ್ತೇನೆ.

ನಿರ್ಮಲಾ

*

ಬ್ಯಾಡಗಿ
16 ಫೆಬ್ರವರಿ 2025

ನಿರ್ಮಲಾ,

ಇನ್ನು ಮೇಲೆ ನೀನು ಎಂದೇ ಬರೆಯುತ್ತೇನೆ, ಸಿಟ್ಟು ಮಾಡಬೇಡ.

ಕಿವಿ ಹಿಡಿಯುವುದು ಶೈಲಾಳದು. ಏಳು ವರ್ಷದವರೆಗೆ ನನ್ನ ಎಡಗಿವಿ ಹಿಡಿದೇ ಮಲಗಿದಳು.

ದಾರವನ್ನು ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಇಳಿಬಿಟ್ಟಿದ್ದೇನೆ. ನಮ್ಮ ಯಜಮಾನರು ಹಾಲಸಿದ್ದಪ್ಪ, ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮುಗಿಸಿ ಬಂದವರು, ಏನಿದು ಎಂದು ಸನ್ನೆ ಮಾಡಿದರು. ಹೇಳಿದೆ. ಅವರು ಬಗ್ಗಿ ದಾರದ ತುದಿಯ ಹತ್ತಿರ, ಗಾಳಿಯಲ್ಲಿ, ತಲೆ ಸವರುವ ಹಾಗೆ ಕೈಯಾಡಿಸಿದರು. ಆಮೇಲೆ ಕೈ ತೊಳೆಯದೆ ಊಟಕ್ಕೆ ಕೂತರು.

ಮೊಳಕೆ ಗೇಣುದ್ದ ಆದ ಮೇಲೆ ಎರಡಕ್ಕೊಂದು ಕೀಳು, ದಟ್ಟ ಬೆಳೆಯಲು ಬಿಡಬೇಡ. ಹುಲ್ಲು ಬಂದರೆ ಅವತ್ತೇ ತೆಗೆ. ಕಿತ್ತ ಹುಲ್ಲು, ಒಣ ಎಲೆ, ಕಟ್ಟಿಗೆ, ಹಂಚು, ಏನನ್ನೂ ಹಿತ್ತಲಲ್ಲಿ ಗುಂಪು ಹಾಕಬೇಡ. ನೆಲ ಬೋಳಾಗಿರಲಿ. ಅವನು ಕೋಲು ಹಿಡಿದು ಸುತ್ತಿದರೆ ಸುತ್ತಲಿ, ನಗಬೇಡ.

ಇನ್ನೂ ಏನೇನು ಮಾಡುತ್ತಾಳೆ, ಬರೆ.

ಸುಶೀಲವ್ವ

*

ರಾಣೇಬೆನ್ನೂರು
16 ಮಾರ್ಚ್ 2025

ಅವ್ವ,

ಹೀಗೆ ಕರೆಯಬಹುದಲ್ಲ?

ಬಿಸಿಲು ಹೊಡೆಯುತ್ತಿದೆ. ಹನ್ನೊಂದಾಗುವ ಹೊತ್ತಿಗೆ ಬೆಂಡೆ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋಲುತ್ತವೆ. ಹೂ ಬಿಟ್ಟದ್ದು ಬಿಟ್ಟ ಹಾಗೆ ಉದುರುತ್ತಿದೆ. ಮಣ್ಣು ಬಿರುಕು ಬಿಟ್ಟು, ಬಿರುಕಿನಲ್ಲಿ ಹುಡುಗಿಯ ಕಿರುಬೆರಳು ಹೋಗುತ್ತದೆ. ಎರಡು ಹೊತ್ತು ನೀರು ಹಾಕಿದರೂ ಸಾಲದು. ಚೌಳಿ ಒಂದು ಸಾಲು ಪೂರ್ತಿ ಹೋಯಿತು. ಅವತ್ತು ಹೊಳಿಯವ್ವ ಊಟ ಮಾಡಲಿಲ್ಲ.

ಪಕ್ಕದ ಮನೆಯ ಸುರೇಖಾ ಹೊಲದಿಂದ ಗೋವಿನಜೋಳದ ಒಣ ರವದಿ ತರಿಸಿಕೊಡುತ್ತೇನೆ ಅಂದಳು. ಆ ಒಣ ಎಲೆ, ಸಿಪ್ಪೆಯನ್ನು ಗಿಡದ ಬುಡಕ್ಕೆ ಹೊದಿಸಿದರೆ ನೀರು ಆರುವುದಿಲ್ಲವಂತೆ. ಫೋನಿನಲ್ಲೂ ಎಲ್ಲರೂ ಅದನ್ನೇ ಹೇಳುತ್ತಾರೆ. ಶೈಲಕ್ಕನ ನೋಟುಬುಕ್ಕಿನಲ್ಲೂ ಇದೆ: "ಬ್ಯಾಸಗ್ಯಾಗ ರವದಿ ಹೊದಿಸಬೇಕು, ಅವ್ವ ಹೇಳಿದ್ದು." ನೀವು ಯಾಕೆ ನೆಲ ಬೋಳಾಗಿರಲಿ ಎನ್ನುತ್ತೀರಿ?

ಬೋರುಗಳು ಬತ್ತುವ ಕಾಲ. ಮೋಟರು ಸುಟ್ಟು ದಿನಕ್ಕೆ ಹತ್ತು ಬರುತ್ತವೆ. ಇವರು ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಲಾದ ಮೇಲೆ ಬರುತ್ತಾರೆ. ಹಿತ್ತಲು ಸುತ್ತುವುದೂ ನಿಂತಿದೆ.

ನಿರ್ಮಲಾ

*

ಬ್ಯಾಡಗಿ
22 ಮಾರ್ಚ್ 2025

ನಿರ್ಮಲಾ,

ರವದಿ ಬೇಡ. ಅದಕ್ಕೆ ಗೆದ್ದಲು ಬರುತ್ತದೆ. ಗೆದ್ದಲು ಬಂತೆಂದರೆ ಗಿಡ ಮಾತ್ರವಲ್ಲ, ಬಾಗಿಲು, ಕಿಟಕಿ ಎಲ್ಲ ತಿನ್ನುತ್ತದೆ. ಶೈಲಾ ಬರೆದದ್ದು ಹಳೆಯ ಮಾತು. ಆಮೇಲೆ ನಾನು ಮನಸ್ಸು ಬದಲಿಸಿದೆ.

ನಾಲ್ಕು ಬಿದಿರಿನ ಗಳ ನೆಟ್ಟು ಹಳೆಯ ಸೀರೆ ಕಟ್ಟು, ನೆರಳಾಗುತ್ತದೆ. ಹೋದ ಗಿಡ ಹೋಗಲಿ.

ಹೊಳಿಯವ್ವ ಬರೆಯುವುದು ಕಲಿತಿದ್ದಾಳೇನು? ಒಂದು ಚೀಟಿಯಲ್ಲಿ ಏನಾದರೂ ಬರೆಸಿ ಕಳಿಸು. ಗೀಚಿದ್ದಾದರೂ ಸಾಕು.

ಅವ್ವ

*

ರಾಣೇಬೆನ್ನೂರು
13 ಏಪ್ರಿಲ್ 2025

ಅವ್ವ,

ಬೈಯಬೇಡಿ. ನಿಮ್ಮ ಮಾತು ಮೀರಿದ್ದೇನೆ.

ಸೀರೆ ಕಟ್ಟಿದೆ, ಯುಗಾದಿಯ ಮರುದಿನದ ಗಾಳಿಗೆ ಹರಿದು ಹೋಯಿತು. ಬೆಂಡೆಯೂ ಕೈಬಿಡುವ ಹಾಗಿತ್ತು. ಹುಡುಗಿ ಗಿಡದ ಮುಂದೆ ಕೂತು ತನ್ನ ಬಾಟಲಿಯ ನೀರನ್ನು ಮುಚ್ಚಳದಿಂದ ಹಾಕುತ್ತಿದ್ದುದು ನೋಡಲಾಗಲಿಲ್ಲ. ಸುರೇಖಾ ತರಿಸಿದ ನಾಲ್ಕು ಚೀಲ ರವದಿಯನ್ನು ನಾವಿಬ್ಬರೂ ಸೇರಿ ಹೊದಿಸಿದೆವು. ನಾಲ್ಕೇ ದಿನ ಅವ್ವ! ಎಲೆ ನೆಟ್ಟಗೆ ನಿಂತವು. ಹೂ ನಿಂತು ಕಾಯಿ ಕಚ್ಚಿತು. ನಿನ್ನೆ ಮೊದಲ ಸಲ ಹದಿಮೂರು ಬೆಂಡೆಕಾಯಿ ಕೊಯ್ದೆವು. ಗೆದ್ದಲು ಒಂದೂ ಇಲ್ಲ.

ಈಗ ಆಕೆ ಶಾಲೆಯಿಂದ ಬಂದವಳೇ ಹಿತ್ತಲಿಗೆ ಓಡುತ್ತಾಳೆ. ರವದಿಯ ಕೆಳಗೆ ಮೊಣಕೈವರೆಗೆ ಕೈ ತೂರಿಸಿ ಎರೆಹುಳ ಹುಡುಕುತ್ತಾಳೆ. "ಇಲ್ಲಿ ತಂಪೈತಿ ಚಿಗವ್ವಾ, ನೀನೂ ಕೈ ಹಾಕು" ಅನ್ನುತ್ತಾಳೆ.

ಚೀಟಿ ಇಟ್ಟಿದ್ದೇನೆ. "ಅಜ್ಜಿ ಬಾ" ಎಂದು ಬರೆದಿದ್ದಾಳೆ. ಬಾ ಎಂಬುದನ್ನು ನಾನು ಹೇಳಿಕೊಟ್ಟಿಲ್ಲ, ಆಕೆಯೇ ಸೇರಿಸಿದ್ದು. ಸೀಜನ್ನು ಮುಗಿಯಲಿ, ಇವರಿಗೆ ಎಲ್ಲ ಹೇಳುತ್ತೇನೆ. ಈ ಹಸಿರು ನೋಡಿದರೆ ಇವರ ಮನಸ್ಸೂ ಕರಗುತ್ತದೆ. ನೀವು, ಅಪ್ಪಾರು ಇಬ್ಬರೂ ಬನ್ನಿ.

ನಿಮ್ಮ ನಿರ್ಮಲಾ

*

ಬ್ಯಾಡಗಿ
17 ಏಪ್ರಿಲ್ 2025

ನಿರ್ಮಲಾ,

ಈ ಪತ್ರ ಮುಟ್ಟಿದ ಕೂಡಲೇ ರವದಿ ಪೂರ್ತಿ ತೆಗೆಸು. ನೀನು ಕೈ ಹಾಕಬೇಡ. ಗಂಡಾಳನ್ನು ಕರೆಸಿ, ಉದ್ದನೆಯ ಕೋಲಿನಿಂದ ದೂರ ನಿಂತು ಎಳೆಸು. ಬೂಟು ಹಾಕಿಕೊಳ್ಳಲು ಹೇಳು. ಅಲ್ಲಿಯವರೆಗೆ ಹುಡುಗಿಯನ್ನು ಹಿತ್ತಲಿಗೆ ಬಿಡಬೇಡ. ಬಾಗಿಲಿಗೆ ಅಗಳಿ ಹಾಕು.

ಕಾರಣ ಕೇಳಬೇಡವ್ವ. ನಿನ್ನ ಕಾಲು ಹಿಡೀತೀನಿ.

ಸುಶೀಲವ್ವ

*

ಹಾವೇರಿ
4 ಮೇ 2025

ಸುಶೀಲವ್ವನವರಿಗೆ,

ನಿಮ್ಮ ಪತ್ರ ಸೋಮವಾರ, ನಾನು ಮನೆ ಬಿಟ್ಟು ಹೊರಡುವ ಹೊತ್ತಿಗೆ ಬಂತು. ಎಲ್ಲ ಆದದ್ದು ಅದರ ಹಿಂದಿನ ದಿನ.

ಭಾನುವಾರ ಇವರು ಅಂಗಡಿ ಬೇಗ ಮುಚ್ಚಿ ಮಧ್ಯಾಹ್ನಕ್ಕೇ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿಂದ ಇವರು ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಓಡಿ ಹೋದೆ. ಹುಡುಗಿಯ ರಟ್ಟೆ ಹಿಡಿದು ಎತ್ತಿ ಕಟ್ಟೆಯ ಮೇಲೆ ಎಸೆದ ಹಾಗೆ ಇಟ್ಟರು. ಸಲಿಕೆ ತಗೊಂಡು ಗಿಡ, ರವದಿ, ಬೇಲಿ ಎಲ್ಲ ಕಿತ್ತು ಹಾಕಿದರು. ಹೊಳಿಯವ್ವ ಇವರು ಎಳೆದ ಕೈಯನ್ನು ಹಿಡಿದುಕೊಂಡು, "ಪಪ್ಪಾ, ಕಾಯಿ ಅದಾವ ಪಪ್ಪಾ" ಎಂದು ಅಳುತ್ತಿದ್ದಳು. ಹೀರೆಯ ಬುಡದ ಹತ್ತಿರ ರವದಿ ಎಳೆದಾಗ ಹಾವಿನ ಪೊರೆ ಬಂತು. ಹೊಸದು. ಮೊಳಕ್ಕಿಂತ ಉದ್ದ. ಹುಡುಗಿ ಕೂರುತ್ತಿದ್ದ ಜಾಗಕ್ಕೆ ನಾಲ್ಕು ಹೆಜ್ಜೆ.

ಇವರು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಆಗ ಹೇಳಿದರು. ಜ್ವರವಲ್ಲ. ಹಾವು. ನೀವು ಹೊದಿಸಿದ ರವದಿಯೊಳಗಿನ ಹಾವು.

ನಿಮ್ಮ ಪತ್ರಗಳನ್ನು ನಾನೇ ತಂದು ಮುಂದೆ ಇಟ್ಟೆ. ಒಂದೊಂದಾಗಿ ಓದಿದರು. ಗೆದ್ದಲಿನ ಸಾಲಿಗೆ ಬಂದಾಗ ನಕ್ಕರು. ಆ ನಗು ಇನ್ನೊಮ್ಮೆ ಕೇಳಬಾರದು. "ನೀನೂ ಆಕಿ ಜೋಡಿ ಸೇರಿದಿ" ಅಂದರು, "ನನ್ನ ಮಗಳ ಹಂತ್ಯಾಕ ಬರಬ್ಯಾಡ." ನಾನು ಹದಿಮೂರು ದಿನದಿಂದ ತವರಿನಲ್ಲಿದ್ದೇನೆ. ಹುಡುಗಿ ಅಲ್ಲಿ. ಕೈ ಊದಿತ್ತು, ಈಗ ಹೇಗಿದೆಯೋ. ಯಾರ ಕಿವಿ ಹಿಡಿದು ಮಲಗುತ್ತಾಳೋ.

ಇಲ್ಲಿ ಬಂದ ಮೇಲೆ ತಿಳಿಯಿತು, ನನ್ನ ಅಣ್ಣ ಸುಭಾಷನಿಗೂ ಗೊತ್ತಿತ್ತು. "ನೀ ಹೆದರ್ತಿ ಅಂತ ಹೇಳಲಿಲ್ಲ" ಅಂದ. ಇವರೂ ಅದನ್ನೇ ಅಂದರು. ನಾನು ಹೆದರಬಾರದೆಂದು ಎಲ್ಲರೂ ಸೇರಿ ಮುಚ್ಚಿಟ್ಟರು. ಅವರದ್ದನ್ನು ಹೇಗೋ ತಡೆದುಕೊಳ್ಳುತ್ತೇನೆ. ನೀವು? ಮಗುವಿನ ಕೈ ಎಲ್ಲಿದೆ ಎಂದು ನಾನೇ ಬರೆದಿದ್ದೆ. ಆಗಲೂ "ಕಾರಣ ಕೇಳಬೇಡ" ಅಂದಿರಿ. ಹಾವು ಎಂಬ ಎರಡಕ್ಷರ ಮಾರ್ಚ್ ತಿಂಗಳಲ್ಲಿ ಬರೆದಿದ್ದರೆ ನಾನು ಒಂದು ಎಳೆ ರವದಿ ಒಳಗೆ ತರುತ್ತಿರಲಿಲ್ಲ.

ಯಾಕೆ ಹೇಳಲಿಲ್ಲ?

ನಿರ್ಮಲಾ

*

ಬ್ಯಾಡಗಿ
11 ಮೇ 2025

ನಿರ್ಮಲಾ,

ಕೇಳಿದ್ದೀ, ಹೇಳುತ್ತೇನೆ. ಮೂರು ವರ್ಷ ಯಾರಿಗೂ ಹೇಳಿಲ್ಲ.

2022ನೇ ಇಸವಿ, ಏಪ್ರಿಲ್ ಮೊದಲ ವಾರ. ಶೈಲಾಳ ಬದನೆ ಗಿಡ ಬಾಡಿದ್ದವು. ನಾನು ದೇವರಗುಡ್ಡದ ಕಡೆಯ ಒಂದು ಹೊಲದಿಂದ ರವದಿ ತರಿಸಿ, ನನ್ನ ಕೈಯಾರೆ ಹೊದಿಸಿದೆ, ಒಂದು ಗೇಣು ದಪ್ಪ. ಸಿದ್ದಲಿಂಗೇಶ ನಿಂತು ನೋಡಿ, ನನಗೆ ತಿಳಿಯುವ ಹಾಗೆ ತುಟಿ ಬಿಡಿಸಿ, "ಅತ್ತಿ, ಇಷ್ಟು ದಪ್ಪ ಬ್ಯಾಡ್ರಿ, ಹುಳಾ ಹುಪ್ಪಡಿ ಸೇರ್ತಾವ" ಅಂದ. ನಾನು ನಕ್ಕೆ. "ಹೊಲದಾಗ ಹುಟ್ಟಿ ಬೆಳದೇನಿ, ನನಗ ಕಲಿಸಾಕ ಬಂದಿ ಏನಪಾ?" ಅಂದೆ. ಶೈಲಾಳೂ ನಕ್ಕಳು. ಅವನಿಗೆ ಅವಮಾನ ಆಗಿರಬೇಕು, ಒಳಗೆ ಹೋದ.

ಏಪ್ರಿಲ್ ಹತ್ತೊಂಬತ್ತು, ಮಂಗಳವಾರ, ಬದನೆಕಾಯಿ ಕೊಯ್ಯಲು ಹೋದಾಗ ಪಾದಕ್ಕೆ ಕಡಿಯಿತು. ನಾಗರ ಎಂದು ಆಸ್ಪತ್ರೆಯವರು ಹೇಳಿದರಂತೆ. ನಾವು ಮುಟ್ಟುವಷ್ಟರಲ್ಲಿ ಮುಖ ಮುಚ್ಚಿದ್ದರು. "ಐದ ನಿಮಿಷದಾಗ ಎಲ್ಲಾ ಮುಗೀತು" ಎಂದು ಅವನು ಹೇಳಿದ. ಮಣ್ಣು ಕೊಟ್ಟ ಮೇಲೆ ಎಲ್ಲರ ಎದುರು, "ನಿಮ್ಮ ಕೈಲೆ ಹೊದಿಸಿದ್ರಿ" ಅಂದ. ಅಷ್ಟೇ ಅಂದದ್ದು. ಅದರಲ್ಲಿ ಸುಳ್ಳಿರಲಿಲ್ಲ. ಆವತ್ತಿನಿಂದ ಹುಡುಗಿಯನ್ನು ತೋರಿಸಿಲ್ಲ, ನಾನು ಕೇಳಿಲ್ಲ. ಆಗ ಆಕೆಗೆ ಎರಡು ವರ್ಷ, ಎರಡು ತಿಂಗಳು.

ಜನವರಿಯಲ್ಲಿ ನಿನ್ನ ಪತ್ರ ಬಂತು. ಜ್ವರದಿಂದ ಹೋದರಂತೆ ಎಂದು ನೀನು ಬರೆದಿದ್ದೆ. ಆ ಸಾಲು ಎಷ್ಟು ಸಲ ಓದಿದೆನೋ. ನನ್ನ ಹೆಸರು ಕೆಡಬಾರದೆಂದು ಅಳಿಯ ಜ್ವರ ಎಂದು ಹೇಳಿದ್ದಾನೆ, ಅಂದರೆ ಒಳಗೊಳಗೆ ನನ್ನನ್ನು ಕ್ಷಮಿಸಿದ್ದಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎಷ್ಟು ಆಸೆಯಿತ್ತು ನನಗೆ.

ಆಮೇಲೆ ದಾರ ಬಂತು. ಆಮೇಲೆ ಕಿವಿ ಹಿಡಿಯುವ ಸುದ್ದಿ. ಹಾವು ಎಂದು ಬರೆದರೆ ನೀನು ತೋಟ ಬಿಡುತ್ತೀ. ತೋಟ ಬಿಟ್ಟರೆ ಪತ್ರ ನಿಲ್ಲುತ್ತದೆ. ಪತ್ರ ನಿಂತರೆ ಹುಡುಗಿ ಹೋಗುತ್ತಾಳೆ. ಇಷ್ಟೇ ನನ್ನ ಲೆಕ್ಕ. ಗೆದ್ದಲು ಎಂದು ಬರೆದಾಗ ಅದು ಸಾಕೆಂದುಕೊಂಡೆ. ಏಪ್ರಿಲ್ ಹದಿನೇಳರ ಪತ್ರಕ್ಕಿಂತ ಮೊದಲು ಎರಡು ಹಾಳೆ ಬರೆದು ಹರಿದೆ. ಎರಡರಲ್ಲೂ ಹಾವು ಎಂದು ಬರೆದಿದ್ದೆ. ಅವತ್ತೇ ಬಸ್ಸು ಹತ್ತಿದ್ದರೆ ಒಂದೂವರೆ ತಾಸಿನಲ್ಲಿ ನಿನ್ನ ಬಾಗಿಲಲ್ಲಿ ಇರುತ್ತಿದ್ದೆ. ಹತ್ತಲಿಲ್ಲ. ಅವನ ಮುಖ ನೋಡಲು ಹೆದರಿದೆ.

ಮಗಳನ್ನು ಕಳೆದುಕೊಂಡವಳು ಮೊಮ್ಮಗಳ ಸುದ್ದಿಗಾಗಿ ಮೊಮ್ಮಗಳನ್ನೇ ಪಣಕ್ಕಿಟ್ಟೆ. ಇದಕ್ಕೆ ಕ್ಷಮೆ ಕೇಳುವುದಿಲ್ಲ, ಕೇಳುವ ಬಾಯಿ ನನಗಿಲ್ಲ.

ನೀನು ಆಕೆಯ ಹತ್ತಿರ ಹೋಗು. ಅವನು ಬೈದರೂ ಹೋಗು. ನೀನು ತಪ್ಪು ಮಾಡಿಲ್ಲ.

ಸುಶೀಲವ್ವ

*

ಬ್ಯಾಡಗಿ
6 ಜುಲೈ 2025

ನಿರ್ಮಲಾ,

ಎರಡು ತಿಂಗಳಾಯಿತು. ಉತ್ತರ ಬೇಡ. ಹುಡುಗಿಯ ಹತ್ತಿರ ಇದ್ದೀಯೋ ಇಲ್ಲವೋ, ಅದೊಂದು ತಿಳಿಸು. ಖಾಲಿ ಕಾರ್ಡಿನ ಮೇಲೆ "ಇದ್ದೇನೆ" ಎಂದು ಬರೆದು ಹಾಕು, ಸಾಕು.

ಸುಶೀಲವ್ವ

*

ರಾಣೇಬೆನ್ನೂರು
14 ಸೆಪ್ಟೆಂಬರ್ 2025

ಅವ್ವ,

ಇದ್ದೇನೆ. ಶಾಲೆ ಶುರುವಾಗುವ ಹಿಂದಿನ ದಿನ ನಾನೇ ಬಂದೆ. ಇವರು ಬಾಗಿಲಲ್ಲಿ ನಿಂತಿದ್ದರು, ಪಕ್ಕಕ್ಕೆ ಸರಿದರು. ಹುಡುಗಿಯ ಕೂದಲು ಜಡೆಗಟ್ಟಿತ್ತು. ಎಣ್ಣೆ ಹಚ್ಚಿ ಬಿಡಿಸಲು ಎರಡು ದಿನ ಬೇಕಾಯಿತು. ಕೈ ಸರಿಯಾಗಿದೆ. ಹಿತ್ತಲಿಗೆ ಇವರು ಪೂರ್ತಿ ಫರಸಿ ಕಲ್ಲು ಹಾಸಿಬಿಟ್ಟಿದ್ದಾರೆ.

ನಿಮ್ಮ ಎರಡೂ ಪತ್ರ ಮುಟ್ಟಿದ್ದವು. ಬರೆಯಲಿಲ್ಲ, ಸಿಟ್ಟಿತ್ತು. ಈಗ ಬರೆಯುತ್ತಿರುವುದು ಇವರು ಹೇಳಿದ್ದಕ್ಕೆ. "ನೀನ ಬರಿ, ನನ್ನ ಕೈಲೆ ಆಗೂದಿಲ್ಲ" ಅಂದರು.

ಹೋದ ವಾರ ಮಹಡಿಯ ಮೇಲೆ ಬಟ್ಟೆ ತೆಗೆಯುವಾಗ ಹೊಳಿಯವ್ವ ಚೀರಿದಳು. ಕಣಜದ ಹುಳ ಕಚ್ಚಿತ್ತು. ನಾನು ನೋಡದೆ ಗಾಬರಿಯಿಂದ ಇವರಿಗೆ ಫೋನು ಮಾಡಿ, "ಹುಡುಗಿಗೆ ಏನೋ ಕಡೀತು" ಅಂದೆ. ಮಾತು ಮುಗಿಯುವ ಮೊದಲೇ ಫೋನು ಇಟ್ಟರು. ನಾಲ್ಕು ನಿಮಿಷ, ಹೆಚ್ಚಿಲ್ಲ. ಬನಿಯನ್ನಿನಲ್ಲಿ, ಬರಿಗಾಲಲ್ಲಿ, ಕೈಯಲ್ಲಿ ತಾಮ್ರದ ತಂತಿ ಹಿಡಿದೇ ಬಂದರು. ಕಣಜವೆಂದು ತಿಳಿದ ಮೇಲೆ ಮೆಟ್ಟಿಲ ಮೇಲೆ ಕೂತು ಅಳತೊಡಗಿದರು. ನಾನು ಎಂದೂ ನೋಡಿರಲಿಲ್ಲ. ಆಗ ಹೇಳಿದರು.

ಅವತ್ತು ಸಂಜೆ ನಾಲ್ಕಕ್ಕೆ ಶೈಲಕ್ಕ ಅಂಗಡಿಗೆ ಫೋನು ಮಾಡಿದ್ದರಂತೆ. "ರವದ್ಯಾಗ ಕಾಲಿಗೆ ಏನೋ ಕಡೀತ್ರಿ, ಲಗೂನ ಬರ್ರಿ." ಇವರು, "ಚೇಳ ಇರಬೇಕು, ಸುಣ್ಣಾ ಹಚ್ಚಿಕೋ. ಇದೊಂದು ಮೋಟರ್ ಕಟ್ಟಿ ಬರ್ತೇನಿ" ಅಂದರಂತೆ. ನಿಮ್ಮ ನಗು ಇನ್ನೂ ಮನಸ್ಸಿನಲ್ಲಿತ್ತಂತೆ. ತಾಯಿ ಮಗಳು ನನ್ನ ಮಾತು ಕೇಳಲಿಲ್ಲ, ಸ್ವಲ್ಪ ಅನುಭವಿಸಲಿ ಅಂತ ಒಂದು ಗಳಿಗೆ ಅನ್ನಿಸಿತಂತೆ. ಬಂದಾಗ ಐದೂ ಹತ್ತು. ಶೈಲಕ್ಕ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಮಗುವಿಗೆ ಹಾಲನ್ನ ತಿನ್ನಿಸಿ, ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದರು. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಇವರನ್ನು ನೋಡಿ, "ಮೋಟರ್ ಆತೇನ್ರಿ?" ಅಂದರಂತೆ. ಆಮೇಲೆ ಮಾತಿಲ್ಲ. ಆಸ್ಪತ್ರೆಯಲ್ಲಿ, ಒಂದು ತಾಸು ಮೊದಲು ತಂದಿದ್ದರೆ ಇಂಜೆಕ್ಷನ್ ಹಿಡಿಯುತ್ತಿತ್ತು ಅಂದರಂತೆ.

ಐದು ನಿಮಿಷ ಎಂದು ಇವರು ಹೇಳಿದ್ದು ಸುಳ್ಳು, ಅವ್ವ. ಜ್ವರ ಎಂದು ನನಗೆ ಹೇಳಿದ್ದೂ ನಿಮ್ಮ ಹೆಸರು ಉಳಿಸಲು ಅಲ್ಲ. ಹಾವು ಅಂದರೆ ಯಾವಾಗ, ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಒಯ್ದಿರಿ ಎಂದು ನಾನು ಕೇಳುತ್ತಿದ್ದೆ. ಅದಕ್ಕೆ.

ಮೂರು ವರ್ಷ ನೀವೊಬ್ಬರೇ ಹೊತ್ತಿರಿ. ನಿಮ್ಮ ಭಾರ ಅರ್ಧವಾದರೂ ಇಳಿಯಲಿ ಎಂದು ಬರೆಯುತ್ತಿದ್ದೇನೆ. ಇವರು ಈಗ ಹಳೆಯ ಬಣ್ಣದ ಬಕೆಟ್ಟುಗಳಿಗೆ ತೂತು ಹೊಡೆದು, ಮಣ್ಣು ತುಂಬಿ ಮಹಡಿಯ ಮೇಲೆ ಸಾಲಾಗಿ ಇಟ್ಟುಕೊಟ್ಟಿದ್ದಾರೆ. ಹೊಳಿಯವ್ವ ಪುಂಡಿಪಲ್ಲೆ ಹಾಕಿದ್ದಾಳೆ.

ದಸರಾ ರಜೆ ಬರುತ್ತದೆ. 28ನೇ ತಾರೀಖು ಭಾನುವಾರ ಆಕೆಯನ್ನು ಕರೆದುಕೊಂಡು ಬರಲೇ? ಇವರೂ ಬರುತ್ತೇನೆ ಅನ್ನುತ್ತಾರೆ, ನೀವು ಒಪ್ಪಿದರೆ.

ನಿರ್ಮಲಾ

*

ಬ್ಯಾಡಗಿ
19 ಸೆಪ್ಟೆಂಬರ್ 2025

ನಿರ್ಮಲಾ,

ಭಾರ ಇಳಿಯಲಿ ಎಂದು ನೀನು ಬರೆದೆ. ನಿನ್ನ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ನನ್ನ ಹತ್ತಿರ ಇದ್ದ ಒಂದೇ ಸಮಾಧಾನ ಆ ಐದು ನಿಮಿಷ. ಕಡಿದದ್ದು ನನ್ನಿಂದ, ಇರಲಿ, ಆದರೆ ಏನಾಯಿತೆಂದು ತಿಳಿಯುವ ಮೊದಲೇ ಹೋದಳು, ಹೆದರಲಿಲ್ಲ, ಕಾಯಲಿಲ್ಲ. ಹೀಗೆ ಹೇಳಿಕೊಂಡೇ ಇಷ್ಟು ದಿನ ಉಂಡಿದ್ದೇನೆ, ಸಸಿಗೆ ನೀರು ಹಾಕಿದ್ದೇನೆ. ಈಗ ಆಕೆ ಅಗಳಿ ಹಾಕಿದ್ದು ಗೊತ್ತಾಯಿತು. ಮಗು ಹಿತ್ತಲಿಗೆ ಹೋಗಬಾರದೆಂದು ಹಾಕಿದ್ದಾಳೆ. ಹಾಲನ್ನ ತಿನ್ನಿಸಿದ್ದು ಗೊತ್ತಾಯಿತು. ತಾನು ಉಳಿಯುವುದಿಲ್ಲ ಎಂದು ಆಕೆಗೆ ತಿಳಿದಿತ್ತು, ನಿರ್ಮಲಾ. ನನ್ನಿಂದ ರವದಿಯ ಭಾರ ತೆಗೆದುಕೊಂಡು ನೀನು ಆ ಒಂದು ತಾಸನ್ನು ಕೊಟ್ಟೆ. ಯಾವುದು ಹಗುರ ಎಂದು ಹೇಳಲಾರೆ.

ಅವನಿಗೆ ಹೇಳು, ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಅವನೂ ನನ್ನನ್ನು ಕ್ಷಮಿಸುವುದು ಬೇಡ. ನಾನು ನಕ್ಕದ್ದು ಖರೇ, ಅವನು ತಡ ಮಾಡಿದ್ದೂ ಖರೇ. ಬರುವುದಾದರೆ ಬರಲಿ, ಊಟಕ್ಕೆ ಬಡಿಸುತ್ತೇನೆ. ಮುಖ ನೋಡಿ ಮಾತಾಡು ಎನ್ನಬೇಡ. ಈ ಸಲ ಆಗುವುದಿಲ್ಲ.

ಹುಡುಗಿಯನ್ನು ಖಂಡಿತ ಕರೆದುಕೊಂಡು ಬಾ. ನನಗೆ ಮಾತು ಕೇಳಿಸುವುದಿಲ್ಲವೆಂದು ಮೊದಲೇ ಹೇಳಿಡು, ಅಜ್ಜಿ ಉತ್ತರ ಕೊಡಲಿಲ್ಲವೆಂದು ನೊಂದುಕೊಂಡಾಳು. ಹೊಸ ಜಾಗವೆಂದು ಹೆದರಿ ನಿನ್ನ ಸೆರಗು ಬಿಡದಿದ್ದರೆ ಬಿಡಿಸಬೇಡ. ನಾನು ದೂರದಿಂದ ನೋಡುತ್ತೇನೆ. ಆಕೆ ಈಗ ನಿನ್ನ ಮಗಳು.

ನಿನ್ನ ಪತ್ರ ಓದುವಾಗ ನಮ್ಮ ಯಜಮಾನರು ಎದುರಿಗೆ ಕೂತಿದ್ದರು. "ಏನ ಬರದಾಳ?" ಅಂದರು. ತುಟಿ ನೋಡಿ ತಿಳಿದುಕೊಂಡೆ. "ಭಾನುವಾರ ಮೊಮ್ಮಗಳು ಬರ್ತಾಳಂತ" ಎಂದೆ. ಅಷ್ಟೇ ಹೇಳಿದೆ. ಅವರ ಹತ್ತಿರವಾದರೂ ಆ ಐದು ನಿಮಿಷ ಉಳಿಯಲಿ. ಅವರು ಎದ್ದು, ಅಂಗಿ ಹಾಕಿಕೊಂಡು, ಹುಡುಗಿಗೆ ಏನು ತಿನ್ನಲು ಇಷ್ಟವೋ ಗೊತ್ತಿಲ್ಲದೆ ಪೇಟೆಗೆ ಹೊರಟುಬಿಟ್ಟರು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಎದುರಿಗೆ ಗಡಿಯಾರ ಇತ್ತು. ನಾಲ್ಕರಿಂದ ಐದೂ ಹತ್ತರವರೆಗೆ ಅದನ್ನೇ ನೋಡುತ್ತಾ ಇದ್ದೆ, ಒಮ್ಮೆಯೂ ಏಳಲಿಲ್ಲ.

ಬಹಳ ಉದ್ದ ಐತವ್ವ. ಬಹಳ ಉದ್ದ.

ಅವ್ವ